ಕಟ್ಟೆ ಎಷ್ಟೆತ್ತರ ಇರಬೇಕು?

ನಮ್ಮ ಕೊಪ್ಪದ ಕಡೆ ಮನೆ ಕೆಲಸ ಏನಿದ್ದರೂ ಚಳಿಗಾಲಕ್ಕೇ. ಹೊಗೆಸೊಪ್ಪು ಹರಾಜಾಗಿ ಕೈಗೆ ನಾಲ್ಕು ಕಾಸು ಬಂದಿರುತ್ತೆ, ರಾಗಿ ಕೊಯ್ಲು ಮುಗಿದಿರುತ್ತೆ, ಮಳೆಯ ಭಯ ಇರಲ್ಲ. ಹೋದ ಡಿಸೆಂಬರಿನಲ್ಲಿ ನಾನೂ ಹದಿನೈದು ದಿನ ವರ್ಕ್ ಫ್ರಂ ಹೋಮ್ ಹಾಕಿಕೊಂಡು ಊರಿಗೆ ಹೋದೆ. ಅವ್ವನ ಅಡುಗೆಮನೆ ಒಡೆಸಿದೆ.

ಕಾರಣ ಗಟ್ಟಿಯಾಗೇ ಇತ್ತು. ಗ್ಯಾಸ್ ಬಂದು ವರ್ಷಗಳಾದರೂ ಅದು ಟೀಗೆ, ನೆಂಟರಿಗೆ. ಹಿಟ್ಟು, ಸಾರು ಎಲ್ಲಾ ಸೌದೆ ಒಲೆಯಲ್ಲೇ. ಚಳಿ ಶುರುವಾದರೆ ಅವ್ವನ ಕೆಮ್ಮೂ ಶುರು. 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಗೆ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಬಲಿಯಾದರು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟು ಗೊತ್ತಿದ್ದೂ ಮಗ ಸುಮ್ಮನಿರಬೇಕಾ?

ಸುಮ್ಮನಿರಲಿಲ್ಲ. ಒಲೆ ಕಿತ್ತಾಯ್ತು. ಕುಶಾಲನಗರದಿಂದ ಗ್ರಾನೈಟ್ ಬಂತು, 34 ಇಂಚು ಎತ್ತರದ ಕಟ್ಟೆ ಆಯ್ತು, ಮೇಲೆ ಸಾಲಾಗಿ ಕಪಾಟು. ಅವ್ವನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ಟೈಲ್ಸ್ ಯಾವ ಬಣ್ಣ? 'ನಿಂಗೆ ಯಾವ್ದ್ ಚಂದ ಅನ್ಸುತ್ತೋ ಅದ್ನೇ ಹಾಕ್ಸು ಮಗಾ' ಅಂದಳು. ಅದನ್ನು ಎಲ್ಲದಕ್ಕೂ ಒಪ್ಪಿಗೆ ಅಂದ್ಕೊಂಡೆ.

ಹೊಸ ಅಡುಗೆಮನೆಯಲ್ಲಿ ಮೊದಲ ಸಲ ಹಿಟ್ಟು ಮಾಡಿದ ದಿನ ತಪ್ಪು ಗೊತ್ತಾಯ್ತು. ಮುದ್ದೆ ತಿರುವೋದು ತೋಳಿನ ಕೆಲಸ ಅಲ್ಲ, ಇಡೀ ಮೈಯ ಕೆಲಸ. ಪಾತ್ರೆ ಕೆಳಗಿರಬೇಕು, ಮೇಲಿಂದ ಭಾರ ಬಿಟ್ಟು ಕೋಲು ತಿರುವಬೇಕು. ಅವ್ವ ಐದಡಿಯೂ ಇಲ್ಲ. ಪಾತ್ರೆ ಅವಳ ಎದೆಯ ಮಟ್ಟಕ್ಕೆ ಬಂತು. ಕುದಿಯೋ ಪಾತ್ರೆಯನ್ನು ಅಷ್ಟೆತ್ತರದಿಂದ ನೆಲಕ್ಕಿಳಿಸೋದೂ ಅಪಾಯ. ಮೂರನೇ ದಿನ ಬೆಳಿಗ್ಗೆ ನೋಡ್ತೀನಿ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಇಬ್ಬನಿಯಲ್ಲಿ ಕೂತು ಒಲೆ ಊದ್ತಿದ್ದಾಳೆ. ಹೊಗೆಯೂ ಹೋಗಲಿಲ್ಲ, ಮೇಲೆ ಚಳಿ ಬೇರೆ.

ಇಲ್ಲಿಂದ ನನ್ನ ತಲೆಯಲ್ಲಿ ಶುರುವಾದ ಪ್ರಶ್ನೆ ಇದು: ಇನ್ನೊಬ್ಬರಿಗೆ ಒಳ್ಳೆಯದು ಏನು ಅಂತ ನಿಜವಾಗಿಯೂ ಗೊತ್ತಿದ್ದಾಗ, ಅದನ್ನು ಅವರ ಮೇಲೆ ಹೇರಬಹುದಾ?

'ಕೇಳಬೇಕಿತ್ತು' ಅನ್ನೋದು ಸುಲಭದ ಉತ್ತರ. ಕೇಳಿದ್ದರೆ 'ಒಲೆ ಇರ್ಲಿ ಬುಡು' ಅಂತಿದ್ದಳು. ಆಗ ಅವಳ ಆಯ್ಕೆಗೆ ಗೌರವ ಅಂತ ಹೊಗೆಯಲ್ಲೇ ಬಿಟ್ಟು ಬರಬೇಕಿತ್ತಾ? ಆ ಒಲೆಯನ್ನು ಅವಳೂ ಆಯ್ದುಕೊಂಡಿರಲಿಲ್ಲ, ಮದುವೆಯಾಗಿ ಬಂದಾಗ ಅದು ಅಲ್ಲಿತ್ತು. 'ಅವ್ವನಿಗೆ ಹಳೇದೇ ಇಷ್ಟ' ಅನ್ನೋದು ಖರ್ಚು ಉಳಿಸಲು ಮಕ್ಕಳಿಗೆ ಸಿಗೋ ಸುಂದರ ನೆಪವೂ ಹೌದು.

1926ರಲ್ಲಿ ಮಾರ್ಗರೆಟೆ ಶ್ಯೂಟೆ ಲಿಹೋಟ್ಸ್‌ಕಿ ಅನ್ನೋ ವಿಯೆನ್ನಾದ ವಾಸ್ತುಶಿಲ್ಪಿ 'ಫ್ರಾಂಕ್‌ಫರ್ಟ್ ಕಿಚನ್' ರೂಪಿಸಿದರು. ಇವತ್ತಿನ ಮಾಡ್ಯುಲರ್ ಕಿಚನ್ನಿಗೆ ಅದೇ ಅಜ್ಜಿ. ಹೆಂಗಸರ ದುಡಿತ ತಗ್ಗಿಸಬೇಕು ಅನ್ನೋ ಪ್ರಾಮಾಣಿಕ ಕಾಳಜಿ ಅವರದು. ಆದರೆ ಅದನ್ನು ರೂಪಿಸುವ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದರು. ನಾನೂ ಅಷ್ಟೆ. ಕಾಳಜಿ ನಿಜ, ಹಿಟ್ಟಿನ ಕೋಲು ಮಾತ್ರ ಹಿಡಿದವನಲ್ಲ.

ಸಂಜೆ ಅವ್ವನ ಪಕ್ಕ ಕೂತು ಸ್ವಲ್ಪ ಸಿಟ್ಟಲ್ಲೇ ಕೇಳಿದೆ, 'ಆ ಹೊಗೇನೇ ಬೇಕಾ ನಿಂಗೆ?'

ಅವ್ವ ನನ್ನ ಮುಖ ನೋಡಿದಳು. 'ಒಲೆ ಬೇಕು ಅಂತೀನಿ ಕಣ್ಲಾ. ಹೊಗೆ ಬೇಕು ಅಂದ್ನಾ?'

ನನ್ನ ತಪ್ಪು ಅಲ್ಲಿತ್ತು. ಅವಳು ಏನನ್ನುತ್ತಾಳೆ ಅಂತ ನಾನೇ ಊಹಿಸಿ, ಆ ಊಹೆಯ ಜೊತೆ ವಾದ ಮಾಡಿ, ನಾನೇ ಗೆದ್ದಿದ್ದೆ. ಹೊಗೆ ಕೆಟ್ಟದ್ದು ಅನ್ನೋದು ನನಗೆ ಗೊತ್ತು, ಕಟ್ಟೆ ಎಷ್ಟೆತ್ತರ ಇರಬೇಕು ಅನ್ನೋದು ಅವಳಿಗೆ ಗೊತ್ತು. ಎರಡೂ ತಿಳಿವಳಿಕೆಯೇ. ಒಂದಕ್ಕೆ ದುಡ್ಡಿನ ಬಲ ಇತ್ತು, ಅಷ್ಟೆ.

ದುಡ್ಡು ಕೊಟ್ಟವನೇ ನಿರ್ಧರಿಸಬೇಕು ಅನ್ನೋದನ್ನು ನಾನು ಎಲ್ಲಿ ಕಲಿತೆನೋ. ಅವ್ವನಿಂದಂತೂ ಅಲ್ಲ. ಸೀಸನ್ನಿನಲ್ಲಿ ಬೆರಳೆಲ್ಲ ಅಂಟಾಗೋ ಹಾಗೆ ಹೊಗೆಸೊಪ್ಪು ಕಡ್ಡಿಗೆ ಕಟ್ಟಿ ನನ್ನ ಬಿಇ ಫೀಸು ಕಟ್ಟಿದವಳು ಅವಳು. ಯಾವ ಬ್ರಾಂಚ್ ತಗೋಬೇಕು ಅಂತ ಒಂದು ದಿನವೂ ಹೇಳಲಿಲ್ಲ.

ಹೊಗೆಗೂ ದಾರಿ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು 80ರ ದಶಕದಲ್ಲೇ ಚಿಮಣಿ ಇರೋ 'ಅಸ್ತ್ರ ಒಲೆ' ಮಾಡಿ ಹಳ್ಳಿಗಳಿಗೆ ಮುಟ್ಟಿಸಿದ್ದರು. ಸಂಕ್ರಾಂತಿ ಕಳೆದ ಮೇಲೆ ಗಾರೆಯವರನ್ನು ಮತ್ತೆ ಕರೆಸಿದೆವು. ಈ ಸಲ ಎತ್ತರ ಹೇಳಿದ್ದು ಅವ್ವ. ಟೇಪು ಬೇಡ ಅಂದು ಮೊಣಕಾಲ ಪಕ್ಕ ಕೈ ಇಟ್ಟು ತೋರಿಸಿದಳು. ಮೂಲೆಯಲ್ಲಿ ತಗ್ಗಿನ ಕಟ್ಟೆ, ಅದರ ಮೇಲೆ ಸೂರು ದಾಟೋ ಚಿಮಣಿಯ ಒಲೆ. ಹಿಟ್ಟು ಅಲ್ಲಿ, ಉಳಿದದ್ದು ಗ್ಯಾಸಿನ ಮೇಲೆ.

ಮೇಲಿನ ಕಪಾಟುಗಳು ಅವಳ ಕೈಗೆ ಇವತ್ತಿಗೂ ಎಟುಕಲ್ಲ, ಖಾಲಿ ಇವೆ.

ಒಟ್ಟು ಎಷ್ಟಾಯ್ತು ಅಂತ ಕೇಳಿದಳು. ಬೇಜಾರು ಮಾಡ್ಕೋತಾಳೆ ಅಂತ ಅರ್ಧ ಮಾತ್ರ ಹೇಳಿದೆ. ಬಸ್ಸು ಹತ್ತಿದ ಮೇಲೆ ಅನ್ನಿಸಿತು, ಅವಳಿಗೆ ಏನು ಗೊತ್ತಿರಬೇಕು ಅನ್ನೋದನ್ನು ಮತ್ತೆ ನಾನೇ ನಿರ್ಧರಿಸಿದೆ.