ಈಡು ಹುಸಿಹೋದಾಗ

ಕಾರಣಗಳೆಲ್ಲ ಕೂಡಿಬಂದಂತೆ ಕಂಡರೂ ಕಾರ್ಯವು ಹುಟ್ಟದೆ ಹೋದಾಗ, ಕುಂದಿದ್ದು ವಸ್ತುವಿನೊಳಗಣ ಶಕ್ತಿಯೋ, ಅಥವಾ ಕಣ್ಣಿಗೆ ಬೀಳದ ಯಾವುದಾದರೊಂದು ಅಡ್ಡಿ ನಡುವೆ ಬಂದಿತೋ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಚರ್ಚಿಸಿದರು. ಬೆಂಕಿಯ ಬಳಿ ಒಂದು ವಿಶೇಷ ಮಣಿಯನ್ನಿರಿಸಿದರೆ ಬೆಂಕಿ ಸುಡದು, ಮಣಿಯನ್ನು ತೆಗೆದೊಡನೆ ಸುಡುವುದು ಎಂಬುದು ಅವರ ದೃಷ್ಟಾಂತ. ಬೆಂಕಿಯಲ್ಲಿ ಅತೀಂದ್ರಿಯವಾದ ಶಕ್ತಿಯೊಂದುಂಟು, ಮಣಿಯು ನಾಶಗೊಳಿಸುವುದು ಅದನ್ನೇ ಎಂದರು ಮೀಮಾಂಸಕರು; ಅಂಥ ಶಕ್ತಿಯ ಕಲ್ಪನೆ ಅನಾವಶ್ಯಕ, ಪ್ರತಿಬಂಧಕದ ಅಭಾವವನ್ನೂ ಕಾರಣಸಾಮಗ್ರಿಯಲ್ಲಿ ಎಣಿಸಿದರೆ ಸಾಕು ಎಂದರು ನೈಯಾಯಿಕರು; ಹತ್ತನೆಯ ಶತಮಾನದ ಉದಯನಾಚಾರ್ಯರ ನ್ಯಾಯಕುಸುಮಾಂಜಲಿಯ ಮೊದಲನೆಯ ಸ್ತಬಕದಲ್ಲಿ ಈ ವಾದವನ್ನು ವಿಸ್ತಾರವಾಗಿ ಕಾಣಬಹುದು. ಆ ಮಣಿಯನ್ನು ನಾವಾರೂ ಕಂಡವರಲ್ಲ. ಆದಕಾರಣ ಈ ವಿವಾದವನ್ನು ಕೈಗೆ ಸಿಕ್ಕುವ ಪದಾರ್ಥವೊಂದರ ಮೇಲಿಟ್ಟು ಪರೀಕ್ಷಿಸಬೇಕೆಂದರೆ, ಹುಸಿಹೋದ ರೈಫಲ್ ತೋಟಾಕ್ಕಿಂತ ತಕ್ಕ ನಿದರ್ಶನವನ್ನು ನಾನು ಕಾಣೆ.

ಅಮೆರಿಕೆಯಲ್ಲಿ, ಹಾರಿಸಿ ಬರಿದಾದ ಹಿತ್ತಾಳೆಯ ಕೋಶಗಳನ್ನು ಎಸೆಯದೆ ಮನೆಯಲ್ಲಿಯೇ ಮರಳಿ ತುಂಬಿಕೊಳ್ಳುವವರು ಅಸಂಖ್ಯರು. ಹಳೆಯ ಪ್ರೈಮರನ್ನು ತಳ್ಳಿ ತೆಗೆದು, ಕೋಶವನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರನ್ನು ಕೂಡಿಸಿ, ತೂಗಿದ ಮದ್ದನ್ನು ಸುರಿದು, ಬಾಯಿಗೆ ಗುಂಡನ್ನು ಒತ್ತುವುದು ಅವರ ಕ್ರಮ. ಇದರಲ್ಲಿ ಎಲ್ಲಕ್ಕೂ ಮೂಲವಾದದ್ದು ಪ್ರೈಮರು. ಪೆಟ್ಟು ತಗುಲಿದರೆ ಸಿಡಿಯುವ ದ್ರವ್ಯದಿಂದ ಮದ್ದನ್ನು ಹೊತ್ತಿಸುವ ಈ ಉಪಾಯಕ್ಕೆ 1807ರಲ್ಲಿ ಪೇಟೆಂಟು ಪಡೆದವನು ಅಲೆಕ್ಸಾಂಡರ್ ಫಾರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯೆಂಬುದು ಧರ್ಮವಿಚಾರದ ಈ ಬರಹದಲ್ಲಿ ನೆನೆಯತಕ್ಕ ಸಂಗತಿ. ಇಂದಿನ ಪ್ರೈಮರಿನಲ್ಲಿ ಒಂದು ಪುಟ್ಟ ಲೋಹದ ಬಟ್ಟಲು, ಅದರೊಳಗೆ ಸಿಡಿಯುವ ದ್ರವ್ಯದ ತೆಳುವಾದ ಲೇಪ, ಅದರ ಮೇಲೆ ಅಡಿಗಲ್ಲೆಂದು ಕರೆಯಬಹುದಾದ ಕಾಲುಳ್ಳ ತಗಡು ಇರುತ್ತವೆ. ಬಂದೂಕಿನ ಸೂಜಿ ಬಟ್ಟಲಿನ ಬೆನ್ನಿಗೆ ಬಡಿದಾಗ, ದ್ರವ್ಯವು ಬಟ್ಟಲಿಗೂ ಅಡಿಗಲ್ಲಿಗೂ ನಡುವೆ ಸಿಕ್ಕಿ ನುಗ್ಗಾಗಿ ಕಿಡಿಯಾಗುತ್ತದೆ.

ಇಲ್ಲಿಯೇ ಸೂಕ್ಷ್ಮವಿರುವುದು. ಅಡಿಗಲ್ಲಿನ ಕಾಲುಗಳು, ಕೋಶದಲ್ಲಿ ಪ್ರೈಮರು ಕೂರುವ ಗುಳಿಯ ತಳವನ್ನು ಮುಟ್ಟಿ ನಿಂತಿರಬೇಕು. ಪ್ರೈಮರು ಕೋಶದ ಹಿಂಬದಿಯ ಮಟ್ಟಕ್ಕಿಂತ ಅಂಗುಲದ ಸಾವಿರದಲ್ಲಿ ಮೂರರಿಂದ ಐದು ಭಾಗದಷ್ಟು ಒಳಗಿರಬೇಕು. ಗುಳಿಯಲ್ಲಿ ಹಳೆಯ ಮಸಿ ಉಳಿದಿದ್ದರೆ, ಅಥವಾ ಕೂಡಿಸುವ ಕೈ ಅರೆಮನಸ್ಸಿನಿಂದ ಒತ್ತಿದರೆ, ಪ್ರೈಮರು ಮೇಲೆಯೇ ನಿಲ್ಲುತ್ತದೆ. ಆಗ ಸೂಜಿಯ ಪೆಟ್ಟಿನ ಬಲವೆಲ್ಲ ಅದನ್ನು ತಳಕ್ಕೆ ನೂಕುವುದರಲ್ಲಿಯೇ ವ್ಯಯವಾಗಿ, ದ್ರವ್ಯಕ್ಕೆ ನುಗ್ಗಾಗುವಷ್ಟು ಏಟು ದೊರೆಯುವುದಿಲ್ಲ. ಅದೇ ತೋಟಾವನ್ನು ಮತ್ತೊಮ್ಮೆ ಹೊಡೆದರೆ ಸಿಡಿಯುತ್ತದೆ. ಹಾಗಾದರೆ ಮೊದಲನೆಯ ಪೆಟ್ಟು ವ್ಯರ್ಥವಾಯಿತೆ? ಇಲ್ಲ, ಅದು ಪ್ರತಿಬಂಧಕವನ್ನು ನಿವಾರಿಸಿತು. ನೈಯಾಯಿಕನ ಪ್ರತಿಬಂಧಕಾಭಾವವನ್ನು ಇದಕ್ಕಿಂತ ಸ್ಫುಟವಾಗಿ ತೋರಿಸುವ ಪ್ರಯೋಗ ಬೇರೆ ಬೇಕಿಲ್ಲ.

ಆದರೆ ಮೀಮಾಂಸಕನಿಗೂ ಒಂದು ಆಸರೆಯುಂಟು. ಸೂಜಿಯ ಗುರುತು ಆಳವಾಗಿ ಬಿದ್ದಿದ್ದರೂ, ಎರಡನೆಯ ಪೆಟ್ಟಿಗೂ ಮೂಕವಾಗಿಯೇ ಉಳಿಯುವ ಪ್ರೈಮರುಗಳಿವೆ. ಕೋಶಕ್ಕೆ ಬಳಿದ ಎಣ್ಣೆಯೋ ತೇವವೋ ಒಳಗಿಳಿದು ದ್ರವ್ಯವನ್ನು ಕೆಡಿಸಿರುತ್ತದೆ. ನೋಡುವುದಕ್ಕೆ ವಸ್ತು ಇದ್ದಂತೆಯೇ ಇದ್ದು ಸಾಮರ್ಥ್ಯ ಮಾತ್ರ ಹೋಗಿರುವಾಗ, ನಷ್ಟವಾದದ್ದು ಶಕ್ತಿಯೆನ್ನದೆ ಮತ್ತೇನೆನ್ನಬೇಕು ಎಂದು ಅವನು ಕೇಳಬಹುದು. ಕಾರ್ಖಾನೆಯಲ್ಲಿ ಈ ದ್ರವ್ಯವನ್ನು ಬಟ್ಟಲಿಗೆ ತುಂಬುವುದು ಒದ್ದೆಯಾಗಿರುವಾಗಲೇ ಎಂಬುದನ್ನು ತಿಳಿದಮೇಲೆ ನಾನು ನೈಯಾಯಿಕನ ಪಕ್ಷಕ್ಕೆ ವಾಲಿದೆನು. ಒದ್ದೆಯಿದ್ದಾಗ ಅದು ನಿರಪಾಯ, ಒಣಗಿದಾಗ ಉಗ್ರ. ನೀರು ಶಕ್ತಿಯನ್ನು ಕೊಂದಿದ್ದರೆ, ಒಣಗಿಸಿದ ಗಾಳಿ ಅದನ್ನು ಹೊಸದಾಗಿ ಸೃಷ್ಟಿಸಿತೆನ್ನಬೇಕಾಗುತ್ತದೆ; ನೀರೆಂಬ ಅಡ್ಡಿ ಬಂದಿತು, ಹೋಯಿತು ಎನ್ನುವುದರಲ್ಲಿ ಲಾಘವವುಂಟು.

ಇನ್ನೊಂದು ಬಗೆಯ ದೋಷವು ಪ್ರೈಮರಿನದೇ ಅಲ್ಲ. 1906ರಲ್ಲಿ ಅಮೆರಿಕೆಯ ಸೈನ್ಯ ಅಂಗೀಕರಿಸಿದ ಥರ್ಟಿ-ಆಟ್-ಸಿಕ್ಸ್‌ನಂಥ ತೋಟಾಗಳು ಬಂದೂಕಿನ ಗೂಡಿನಲ್ಲಿ ತಮ್ಮ ಭುಜದ ಆಧಾರದಿಂದ ನಿಲ್ಲುತ್ತವೆ. ಅಚ್ಚನ್ನು ಅತಿಯಾಗಿ ಇಳಿಸಿ ಭುಜವನ್ನು ಹಿಂದಕ್ಕೆ ತಳ್ಳಿಬಿಟ್ಟರೆ, ಪೆಟ್ಟು ಬಿದ್ದಾಗ ತೋಟಾ ಇಡಿಯಾಗಿ ಮುಂದಕ್ಕೆ ಜಾರಿ ಏಟನ್ನು ನುಂಗುತ್ತದೆ. ಬೋಲ್ಟಿನೊಳಗೆ ಹಳೆಯ ಎಣ್ಣೆ ಚಳಿಗೆ ಗಟ್ಟಿಯಾಗಿದ್ದರೂ, ಸ್ಪ್ರಿಂಗು ಸೋತಿದ್ದರೂ ಫಲ ಒಂದೇ. ಇವುಗಳಲ್ಲಿ ಒಂದೊಂದೂ ಅಲ್ಪವಾಗಿದ್ದು, ಒಂಟಿಯಾಗಿ ಯಾವುದೂ ಈಡನ್ನು ತಡೆಯಲಾರದಿದ್ದು, ಮೂರೂ ಕೂಡಿದ ದಿನ ಮಾತ್ರ ಬಂದೂಕು ಮೌನವಾಗುವುದೂ ಉಂಟು. ಆಗ ಅಪರಾಧಿ ಇಂಥದೇ ಎಂದು ಬೆರಳಿಟ್ಟು ತೋರಿಸುವುದು ಅಸತ್ಯವಾಗುತ್ತದೆ. ಇಲ್ಲಿ ಬೇಕಾದದ್ದು ಅನ್ವಯವ್ಯತಿರೇಕದ ತಾಳ್ಮೆ: ಒಂದನ್ನು ಮಾತ್ರ ಬದಲಿಸಿ, ಮಿಕ್ಕದ್ದನ್ನು ಇದ್ದಂತೆ ಇರಿಸಿ, ನೋಡುವುದು. ಮದ್ದು, ಪ್ರೈಮರು, ಅಚ್ಚು ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಿ, ಈಡು ಹಾರಿದೊಡನೆ ಹೊಸ ಮದ್ದನ್ನು ಹೊಗಳುವವನು, ಮಣ್ಣು ಹೊತ್ತುತಂದ ಕತ್ತೆಯನ್ನು ಗಡಿಗೆಗೆ ಕಾರಣವೆಂದವನ ಸಾಲಿನಲ್ಲಿ ನಿಲ್ಲುತ್ತಾನೆ. ತರ್ಕಶಾಸ್ತ್ರದಲ್ಲಿ ಆ ಕತ್ತೆಗೆ ಅನ್ಯಥಾಸಿದ್ಧದ, ಎಂದರೆ ಜೊತೆಗಿದ್ದೂ ಕಾರಣವಲ್ಲದ್ದರ, ಸ್ಥಾನ.

ಹುಸಿಹೋದ ಕ್ಷಣದಲ್ಲಿ ಮಾಡತಕ್ಕದ್ದು ಮಾತ್ರ ವಿಚಾರಕ್ಕೂ ಮುಂಚಿನದು. ಕಿಡಿ ತಡವಾಗಿ ಹತ್ತಬಹುದಾದ ಕಾರಣ, ನಳಿಗೆಯನ್ನು ನಿರಪಾಯವಾದ ದಿಕ್ಕಿಗೆ ಹಿಡಿದು, ಕನಿಷ್ಠ ಮೂವತ್ತು ಸೆಕೆಂಡು ಬೋಲ್ಟನ್ನು ತೆರೆಯದೆ ಕಾಯಬೇಕು. ಮದ್ದಿಲ್ಲದ ತೋಟಾದಲ್ಲಿ ಪ್ರೈಮರೊಂದೇ ಗುಂಡನ್ನು ನಳಿಗೆಯೊಳಕ್ಕೆ ನೂಕಿ ನಿಲ್ಲಿಸಿದ್ದರೆ, ಮುಂದಿನ ಈಡು ನಳಿಗೆಯನ್ನೇ ಸೀಳೀತು. ಆದ್ದರಿಂದ ಒಳಗನ್ನು ನೋಡದೆ ಮುಂದುವರಿಯಕೂಡದು. ನ್ಯಾಯಸೂತ್ರಗಳ ಕರ್ತೃ ಗೌತಮರು ತಮ್ಮ ಹದಿನಾರು ಪದಾರ್ಥಗಳಲ್ಲಿ ಸಂಶಯವನ್ನು ಮೂರನೆಯದಾಗಿ ಎಣಿಸಿದ್ದಾರೆ. ಸಂಶಯವನ್ನು ದೌರ್ಬಲ್ಯವೆನ್ನುವವರು ಆ ಮೂವತ್ತು ಸೆಕೆಂಡುಗಳನ್ನು ಯೋಚಿಸಬೇಕು; ಅಲ್ಲಿ ಪ್ರಾಣವನ್ನು ಕಾಯುವುದು ಅದೇ.

ಕೊನೆಗೆ ದೈವದ ಮಾತು. ತೋಟಾ ಹುಸಿಯಾದಾಗ ‘ನಸೀಬು’ ಎಂದು ಸುಮ್ಮನಾಗುವವರು ಬಹಳ. ಗೀತೆಯ ಹದಿನೆಂಟನೆಯ ಅಧ್ಯಾಯವು ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ ಇವನ್ನು ಹೇಳಿ, ದೈವವನ್ನು ಐದನೆಯದಾಗಿ ಇರಿಸಿದೆ. ಮೊದಲ ನಾಲ್ಕನ್ನು ಶೋಧಿಸದೆ ಐದನೆಯದಕ್ಕೆ ಹಾರುವುದು ಭಕ್ತಿಯಲ್ಲ, ಆಲಸ್ಯ. ಅಪರೂಪಕ್ಕೆ ಅಡಿಗಲ್ಲೇ ಇಲ್ಲದ ಪ್ರೈಮರು ಕಾರ್ಖಾನೆಯಿಂದ ಬರುವುದುಂಟು. ತುಂಬುವವನಿಗೆ ಅದು ದೈವವೆಂದು ತೋರೀತು, ಆದರೆ ಕೂಡಿಸುವ ಮುನ್ನ ಬೆಳಕಿಗೆ ಹಿಡಿದು ನೋಡಿದ್ದರೆ ಕಾಣುತ್ತಿತ್ತು. ಹಾಗೆಂದು ದೈವಕ್ಕೆ ಏನೂ ಉಳಿಯಲಿಲ್ಲವೆನ್ನುವವನಲ್ಲ ನಾನು. ಗೀತೆ ಆ ಐದನ್ನು ಹೇಳಿರುವುದು ಸಕಲ ಕರ್ಮಗಳ ಸಿದ್ಧಿಗೆ, ಕೇವಲ ವಿಫಲತೆಗಲ್ಲ. ನುಗ್ಗಾದ ದ್ರವ್ಯವು ಕಿಡಿಯಾಗಬೇಕೆಂಬ ನಿಯಮವನ್ನು ಯಾವ ಕುಶಲಿಯೂ ತನ್ನ ಕೈಯಿಂದ ಮಾಡಲಿಲ್ಲ. ಒಂದೇ ಪೆಟ್ಟಿಗೆಯ ಇಪ್ಪತ್ತು ತೋಟಾಗಳಲ್ಲಿ ಹತ್ತೊಂಬತ್ತು ಹಾರಿದಾಗ ತನ್ನ ಕೈಚಳಕವನ್ನು ಮಾತ್ರ ನೆನೆದವನು, ಇಪ್ಪತ್ತನೆಯದಕ್ಕೆ ದೈವವನ್ನು ಕರೆಯುವುದು ಯಾವ ನ್ಯಾಯ?