ಕಾಡಿನವರಿಗೆ ಕಾಡು ಕಲಿಸುವವರು

'ನೆರವು' ಅನ್ನೋ ಒಂದು ಮಾತಿನಿಂದ ಶುರು ಮಾಡೋಣ.

ಕಾಡಿನ ಜನಕ್ಕೆ ಕಾಡು ಉಳಿಸಿಕೊಳ್ಳಲು ನೆರವಾಗಬೇಕು ಅಂತ ಈಗ ಎಲ್ಲರೂ ಹೇಳುತ್ತಾರೆ. ಸರ್ಕಾರ ಹೇಳುತ್ತದೆ, ಸಾಲ ಕೊಡುವ ಪರದೇಶದ ಬ್ಯಾಂಕು ಹೇಳುತ್ತದೆ, ಜೀಪಿನಲ್ಲಿ ಬರುವ ಸಂಸ್ಥೆಯವರು ಹೇಳುತ್ತಾರೆ. ಕೇಳಲಿಕ್ಕೆ ಚೆನ್ನಾಗಿಯೇ ಇದೆ. ಆದರೆ ಕೇರಿಯಲ್ಲಿ ಹುಟ್ಟಿ ಬೆಳೆದ ನಮಗೆ ಈ ಮಾತು ಕಿವಿಗೆ ಬಿದ್ದರೆ ಒಳಗೆಲ್ಲೋ ಅನುಮಾನ ಏಳುತ್ತದೆ. ನಮ್ಮ ತಾತಂದಿರಿಗೆ ಸಾಲ ಕೊಟ್ಟು ಜೀತಕ್ಕಿಟ್ಟುಕೊಂಡ ಧಣಿಯೂ ತಾನು ನೆರವಾದೆ ಅಂತಲೇ ಹೇಳುತ್ತಿದ್ದ. ಕೊಟ್ಟ ಕೈ ಮೇಲಿತ್ತು, ಇಸಕೊಂಡ ಕೈ ಕೆಳಗಿತ್ತು. ಹಾಗಾಗಿ ನೆರವು ಎಷ್ಟು ಬಂತು ಅನ್ನೋದು ನಮಗೆ ಎರಡನೇ ಪ್ರಶ್ನೆ. ನೆರವು ಬಂದ ಮೇಲೆ ತೀರ್ಮಾನ ಯಾರ ಕೈಯಲ್ಲಿ ಉಳಿಯಿತು ಅನ್ನೋದು ಮೊದಲ ಪ್ರಶ್ನೆ.

ನಾವು ಕೆಲವು ಗೆಳೆಯರು ಒಮ್ಮೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡೊಂದಕ್ಕೆ ಹೋಗಿದ್ದೆವು. ಕಾಡು ಕಾಪಾಡುವ ಬಗ್ಗೆ ಅಲ್ಲೊಂದು ತರಬೇತಿ. ಅರ್ಜಿ ಬರೆದುಕೊಡುವುದು ನಮ್ಮ ಕೆಲಸ. ಡಿಗ್ರಿ ಇದ್ದವರು ಅಂತ ನಮಗೆ ಕುರ್ಚಿ ಹಾಕಿದ್ದರು, ಪೋಡಿನವರು ನೆಲದ ಮೇಲೆ ಕೂತಿದ್ದರು. ಗೋಡೆಗೆ ಒಂದು ಬಣ್ಣದ ಪಟ ನೇತುಹಾಕಿದ್ದರು: ಕಾಡನ್ನು ಉಳಿಸಿ, ಬೆಂಕಿ ಹಚ್ಚಬೇಡಿ. ಭಾಷಣ ಮುಗಿದ ಮೇಲೆ ಒಬ್ಬ ಅಜ್ಜ ಎದ್ದು ನಿಂತು ಮೆಲ್ಲಗೆ ಕೇಳಿದ: 'ಈ ಪಟದಲ್ಲಿರೋ ಮರ ಯಾವ ಕಾಡ್ದು ಬುದ್ಧಿ? ನಮ್ಮ ಕಾಡ್ಲಿ ಇದ ನಾ ಕಂಡೇ ಇಲ್ವಲ್ಲ.'

ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ನಾವೂ ನಕ್ಕೆವು. ಆಮೇಲೆ ಆ 'ಬುದ್ಧಿ' ಅನ್ನೋ ಮಾತು ಮುಳ್ಳಿನ ಹಾಗೆ ಚುಚ್ಚಿತು. ನಮ್ಮಪ್ಪ ಊರಗೌಡರ ಜಗುಲಿಯ ಕೆಳಗೆ ಮಣ್ಣಲ್ಲಿ ಕೂತು ಅದೇ ಮಾತು ಆಡಿದ್ದನ್ನು ಕೇಳಿ ಬೆಳೆದವರು ನಾವು. ಒಂದೇ ತಲೆಮಾರಿನಲ್ಲಿ ಆ ಮಾತನ್ನು ಕೇಳಿಸಿಕೊಳ್ಳುವ ಕುರ್ಚಿಗೆ ಬಂದು ಕೂತಿದ್ದೆವು. ಈ ಬರಹ ಆ ಕುರ್ಚಿಯ ಬಗ್ಗೆ.

ಬೆಟ್ಟದ ಕತೆ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಅಭಯ ಪ್ರಾಣಿಗಳಿಗೆ, ಭಯ ಸೋಲಿಗರಿಗೆ. ಕಾಡು ಕಡಿದು ಬಿತ್ತಿ, ಬಿಟ್ಟು, ಮುಂದೆ ಹೋಗುವ ಬೇಸಾಯ ನಿಂತಿತು. ಬೇಟೆ ನಿಂತಿತು. ಒಳಕಾಡಿನ ಜನರನ್ನು ಎಬ್ಬಿಸಿ ಒಂದೊಂದು ಕಡೆ ನೆಲೆ ನಿಲ್ಲಿಸಿದರು. ಕೈಗೆ ಉಳಿದದ್ದು ಜೇನು, ನೆಲ್ಲಿ, ಸೀಗೆ, ಅಂಟುವಾಳ, ಪಾಚಿ. ಅದನ್ನು ಆಯ್ದು ಲ್ಯಾಂಪ್ಸ್ ಸೊಸೈಟಿಗೆ ಹಾಕಿ ಉಪ್ಪು-ಅಕ್ಕಿ ಕಾಣುತ್ತಿದ್ದರು. 2002ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅದನ್ನು ಮಾರುವುದಕ್ಕೂ ಅಡ್ಡಿ ಬಂತು. ತಾತನ ಕಾಲದಿಂದ ಜೇನು ಕಿತ್ತವನು ಒಂದು ಆದೇಶದಿಂದ ಕಳ್ಳನಾದ.

ಇನ್ನು ಬೆಂಕಿಯ ಮಾತು. ಸೋಲಿಗರಲ್ಲಿ ತರಗು ಬೆಂಕಿ ಅಂತ ಒಂದು ಪದ್ಧತಿ ಇತ್ತು. ಚಳಿ ಮುಗಿದು ಬೇಸಿಗೆ ಬಲಿಯುವ ಮುಂಚೆ, ಉದುರಿದ ಎಲೆ ಇನ್ನೂ ಪೂರಾ ಒಣಗದ ಹೊತ್ತಿನಲ್ಲಿ, ನೆಲದ ತರಗಿಗೆ ಸಣ್ಣಗೆ ಬೆಂಕಿ ಕೊಡುವುದು. ಆ ಬೆಂಕಿ ಮರ ಹತ್ತುವುದಿಲ್ಲ, ನೆಲ ನೆಕ್ಕಿಕೊಂಡು ಹೋಗುತ್ತದೆ. ಹುಲ್ಲು ಚಿಗುರುತ್ತದೆ, ಕಡವೆ-ಜಿಂಕೆ ಮೇಯುತ್ತವೆ, ಬೇಸಿಗೆಯ ದೊಡ್ಡ ಬೆಂಕಿಗೆ ಮೇವು ಇರುವುದಿಲ್ಲ. ಅಭಯಾರಣ್ಯವಾದ ಮೇಲೆ ಇದು ಅಪರಾಧವಾಯಿತು. ಆಮೇಲೆ ಲಂಟಾನ ಹಬ್ಬಿತು. 1997ರಿಂದ 2008ರ ನಡುವೆ ಅದು ಆವರಿಸಿದ ಜಾಗ ಹೆಚ್ಚುಕಡಿಮೆ ಎರಡರಷ್ಟಾಯಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಬೆಳೆಯಿತು, ನೆಲ್ಲಿಮರಕ್ಕೆ ಬಂದಳಿಕೆ ಹತ್ತಿತು ಅಂತ ಹಿರಿಯರು ಹೇಳುತ್ತಲೇ ಇದ್ದರು. ಅದೊಂದೇ ಕಾರಣವೋ ಇನ್ನೂ ಇವೆಯೋ, ವಿಜ್ಞಾನಿಗಳು ನೋಡಲಿ. ಆದರೆ ಬೆಂಕಿ ನಿಲ್ಲಿಸುವ ಮುಂಚೆ, 'ಯಾಕಪ್ಪಾ ಬೆಂಕಿ ಕೊಡ್ತೀರಿ?' ಅಂತ ಕೂತು ಕೇಳಿಸಿಕೊಳ್ಳಬೇಕು ಅನ್ನಿಸಲಿಲ್ಲವಲ್ಲ, ಆ ಕಿವುಡು ಎಲ್ಲಿಂದ ಬಂತು? ನಮಗೆ ಅದರ ಗುರುತು ಚೆನ್ನಾಗಿದೆ. ಕೈಯಲ್ಲಿ ಕೆಲಸ ಇರುವವನ ತಲೆಯಲ್ಲಿ ಅರಿವು ಇರುವುದಿಲ್ಲ ಎಂದು ನಂಬಿಸಿದ ಜಾತಿಯ ಕಿವುಡು ಅದು. ಚರ್ಮ ಹದ ಮಾಡುವವನ ರಸಾಯನ ವಿದ್ಯೆ ಇಲ್ಲಿ ವಿದ್ಯೆಯಾಗಲಿಲ್ಲ, ಮೈಲಿಗೆಯಾಯಿತು. ಸೋಲಿಗನ ಬೆಂಕಿ ಅಪರಾಧವಾಯಿತು.

ನಡುವೆ ಸರ್ಕಾರ ಕಣ್ಣು ತೆರೆದದ್ದೂ ಉಂಟು. 1993ರಲ್ಲಿ ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಬಂತು. ಊರೂರಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. ಬ್ರಿಟನ್ನಿನ ನೆರವು ಬಂತು, ಆಮೇಲೆ ಜಪಾನಿನ ಸಾಲ ಬಂತು. ಕೆಲವು ಕಡೆ ಒಳ್ಳೆಯದೂ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಸಮಿತಿಯ ಕಾರ್ಯದರ್ಶಿ ಯಾರು? ಅರಣ್ಯ ಇಲಾಖೆಯ ಫಾರೆಸ್ಟರು. ಪುಸ್ತಕ ಅವನ ಹತ್ತಿರ, ಬ್ಯಾಂಕಿನ ಖಾತೆಗೆ ಅವನ ಸಹಿ. ಗುಂಡಿ ತೋಡಿದ್ದು ಊರಿನವರು, ಯಾವ ಸಸಿ ಅಂತ ಹೇಳಿದ್ದು ಇಲಾಖೆ. 'ಜಂಟಿ' ಅಂದರೆ ನೇಗಿಲಿಗೆ ಕಟ್ಟಿದ ಜೋಡಿ ಎತ್ತು ಅಂದುಕೊಂಡೆವು. ನೋಡಿದರೆ ಒಬ್ಬರು ಎತ್ತು, ಇನ್ನೊಬ್ಬರು ಬಾರುಕೋಲು.

2006ರ ಅರಣ್ಯ ಹಕ್ಕು ಕಾಯ್ದೆ ಈ ಲೆಕ್ಕವನ್ನು ತಿರುವಿಹಾಕಿತು. ಕಾಡಿನವರಿಗೆ ಆಗಿರುವುದು ಚಾರಿತ್ರಿಕ ಅನ್ಯಾಯ ಎಂದು ಕಾಯ್ದೆಯೇ ತನ್ನ ಪೀಠಿಕೆಯಲ್ಲಿ ಒಪ್ಪಿಕೊಂಡಿದೆ. ತಮ್ಮ ಸಮುದಾಯದ ಕಾಡನ್ನು ಕಾಪಾಡುವ, ಬೆಳೆಸುವ, ನಿರ್ವಹಿಸುವ ಹಕ್ಕು ಅವರದೇ ಎಂದು 3ನೇ ಕಲಮು ಹೇಳುತ್ತದೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯ ಎಂದು ಘೋಷಣೆಯಾಯಿತು. ಮತ್ತೆ ಒಕ್ಕಲೆಬ್ಬಿಸುವ ಭಯ. ಆದರೆ ಸೋಲಿಗರು ಬಾಳಿದ ಕಾಡಿನಲ್ಲೇ ಹುಲಿ ಉಳಿದಿತ್ತು ಅನ್ನುವುದಕ್ಕೆ ಆ ಘೋಷಣೆಯೇ ಸಾಕ್ಷಿಯಲ್ಲವೆ? ಅವರು ಸಂಘ ಕಟ್ಟಿ ಬಡಿದಾಡಿದರು. ಅದೇ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು.

ಇಲ್ಲಿ ಗೆಳೆಯರು ಒಂದು ಪ್ರಶ್ನೆ ಎತ್ತುತ್ತಾರೆ. ಹಕ್ಕು ಕೊಟ್ಟ ಮೇಲೆ ಅವರೇ ಕಾಡು ಹಾಳು ಮಾಡಿದರೆ? ಪ್ರಶ್ನೆ ಸಣ್ಣದಲ್ಲ, ಹಾರಿಸಿ ಮಾತಾಡುವುದು ಬೇಡ. ಸೋಲಿಗರು ದೇವರಲ್ಲ. ಅವರನ್ನು ಮುಗ್ಧರು, ಕಾಡಿನ ಮಕ್ಕಳು ಅಂತ ಹೊಗಳುವುದೂ ಅವರನ್ನು ಮನುಷ್ಯರಲ್ಲ ಅನ್ನುವ ಇನ್ನೊಂದು ದಾರಿ. ಬೆಲೆ ಇರುವಾಗ ಪೈಪೋಟಿ ಬಿದ್ದು ನೆಲ್ಲಿಯ ಕೊಂಬೆಯನ್ನೇ ಕಡಿದವರೂ ಇರುತ್ತಾರೆ. ಎಳೆಯರು ಕಾಫಿ ತೋಟದ ಕೂಲಿಗೆ ಹೋಗುತ್ತಾರೆ, ಅಜ್ಜ ಬಲ್ಲದ್ದು ಮೊಮ್ಮಗನಿಗೆ ಬರುವುದಿಲ್ಲ.

ಆದರೆ ಇದೇ ಪ್ರಶ್ನೆಯನ್ನು ಇಲಾಖೆಗೆ ಯಾರಾದರೂ ಕೇಳಿದ್ದುಂಟೆ? ಬಿದಿರನ್ನು ಕಾಗದದ ಕಾರ್ಖಾನೆಗಳಿಗೆ ಬಲು ಅಗ್ಗದ ದರಕ್ಕೆ ಕೊಟ್ಟು ಬರಿದು ಮಾಡಿದವರು ಯಾರು? ಊರ ಗೋಮಾಳದಲ್ಲಿ ನೀಲಗಿರಿ ನೆಡಿಸಿದವರು ಯಾರು? 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ, ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಅಂತ ಆ ಚಳುವಳಿಗೆ ಹೆಸರು. ಇಷ್ಟೆಲ್ಲ ತಪ್ಪಾದರೂ 'ನೀವು ಕಾಡು ಹಾಳು ಮಾಡಿದಿರಿ, ಎದ್ದು ನಡೀರಿ' ಅಂತ ಇಲಾಖೆಗೆ ಯಾರೂ ಹೇಳಲಿಲ್ಲ. ಉಳ್ಳವರ ತಪ್ಪು ಅನುಭವವಾಗುತ್ತದೆ. ಇಲ್ಲದವರ ತಪ್ಪು ಅನರ್ಹತೆಯಾಗುತ್ತದೆ. ತಪ್ಪು ಮಾಡಿ, ತಪ್ಪಿಗೆ ತಾನೇ ಉತ್ತರ ಕೊಟ್ಟು, ತಿದ್ದಿಕೊಳ್ಳುವ ಹಕ್ಕು ಇಲ್ಲದ ಹಕ್ಕು ಹಕ್ಕೇ ಅಲ್ಲ. ಅದು ದಾನ.

ಹಾಗಾದರೆ ನಮ್ಮಂಥ ಓದಿದವರು ಸುಮ್ಮನೆ ಕೂರಬೇಕೆ? ಬೇಕಿಲ್ಲ. ಇದಕ್ಕೆ ದಾರಿ ತೋರಿಸಿದ್ದು ಬೆಟ್ಟದಾಚೆಯ, ರಾಜ್ಯದಾಚೆಯ ಒಂದು ಊರು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ, ಗೊಂಡರ ಊರು. ಅಲ್ಲಿ ಬಹುಮತದ ಓಟಿಲ್ಲ, ಎಲ್ಲರೂ ಒಪ್ಪುವತನಕ ಮಾತು. ಹೊರಗಿನವರಿಗಾಗಿ ಅವರು ಒಂದು ಜಾಗ ಇಟ್ಟಿದ್ದಾರೆ: ಅಭ್ಯಾಸ ಗಟ, ಅಂದರೆ ಕಲಿಯುವವರ ಕೂಟ. ಕಾನೂನು ಬಲ್ಲವನು, ಗಿಡ ಬಲ್ಲವನು ಅಲ್ಲಿ ಬಂದು ಕೂತು ತನಗೆ ಗೊತ್ತಿದ್ದನ್ನು ಹೇಳಬಹುದು, ಗೊತ್ತಿಲ್ಲದ್ದನ್ನು ಕಲಿಯಬಹುದು. ತೀರ್ಮಾನ ಮಾತ್ರ ಗ್ರಾಮಸಭೆಯದು. 2009ರಲ್ಲಿ ಅವರಿಗೆ ಕಾಡಿನ ಹಕ್ಕು ಸಿಕ್ಕಿತು. ಆದರೂ ಬಿದಿರು ಸಾಗಿಸುವ ರಹದಾರಿಯನ್ನು ಇಲಾಖೆ ಬಿಟ್ಟುಕೊಡಲಿಲ್ಲ. ಸಸ್ಯಶಾಸ್ತ್ರ ಬಿದಿರನ್ನು ಹುಲ್ಲು ಅನ್ನುತ್ತದೆ, 1927ರ ಅರಣ್ಯ ಕಾಯ್ದೆ ಮರ ಅಂದಿತ್ತು. ಕೊನೆಗೆ 2011ರ ಏಪ್ರಿಲ್‌ನಲ್ಲಿ ಕೇಂದ್ರದ ಮಂತ್ರಿ ಜೈರಾಂ ರಮೇಶ್ ಆ ಊರಿಗೇ ಬಂದು ರಹದಾರಿ ಪುಸ್ತಕ ಗ್ರಾಮಸಭೆಯ ಕೈಗೆ ಕೊಡಬೇಕಾಯಿತು. ಹಕ್ಕುಪತ್ರ ಕೊಡುವುದು ಸುಲಭ, ಪೆನ್ನು ಬಿಟ್ಟುಕೊಡುವುದು ಕಷ್ಟ.

1927 ಅಂದಾಗ ನಮಗೆ ಇನ್ನೊಂದು ನೆನಪು ಬರುತ್ತದೆ. ಮಹಾಡದ ಚವದಾರ ಕೆರೆಯನ್ನು ಅಲ್ಲಿನ ಪುರಸಭೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಜೊತೆ ಸಾವಿರಾರು ಜನ ನಡೆದುಹೋಗಿ ನೀರು ಮುಟ್ಟಿದಾಗಲೇ ಆ ಕಾಗದಕ್ಕೆ ಜೀವ ಬಂದದ್ದು. ಬಾಬಾಸಾಹೇಬರು ಅವರಿಗೆ ನೀರು ತಂದು ಕುಡಿಸಲಿಲ್ಲ. ಅವರ ಮುಂದೆ ನಡೆದರು. ನೆರವು ಅಂದರೆ ಇಷ್ಟೇ ಅಂತ ನಮಗೆ ತೋರುತ್ತದೆ.

ಇದು ಆದಿವಾಸಿಗಳ ಮಾತು, ನಮಗೇನು ಅನ್ನುವವರು ಕೇರಿಗಳಲ್ಲಿ ಇದ್ದಾರೆ. ಕೇಳಿ. ಕಾಡಂಚಿನ ದಲಿತರು ಇದೇ ಕಾಯ್ದೆಯಲ್ಲಿ ಹಕ್ಕು ಕೇಳಿದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಪುರಾವೆ ಬೇಕು. ಜೀತದಲ್ಲಿದ್ದ ತಾತನಿಗೆ ಕಾಗದ ಎಲ್ಲಿತ್ತು? ಹಿರಿಯರ ಹೇಳಿಕೆಯೂ ಪುರಾವೆಯೇ ಅಂತ ನಿಯಮ ಇದೆ, ಆದರೆ ಕಚೇರಿಯ ಮೇಜು ಕಾಗದವನ್ನೇ ಕೇಳುತ್ತದೆ. ಇನ್ನು 'ಸಮುದಾಯ' ಅನ್ನೋ ಮಾತು. ಊರ ಬಾವಿ ಅಂದಾಗ ಆ ಊರಲ್ಲಿ ನಾವಿರಲಿಲ್ಲ. ಹಾಗೆಯೇ ಬಲವಿದ್ದವರ ಪಂಚಾಯಿತಿ ತಾನೇ ಗ್ರಾಮಸಭೆ ಅಂತ ಕೂತರೆ ಪೋಡೂ ಕೇರಿಯೂ ಒಟ್ಟಿಗೆ ಹೊರಗುಳಿಯುತ್ತವೆ. ಅದಕ್ಕೇ ಪೋಡಿನ ಸಭೆ ಪೋಡಿನಲ್ಲೇ ಆಗಬೇಕು. ಸಭೆಗೆ ಅರ್ಧದಷ್ಟು ಜನ ಇರಬೇಕು, ಇದ್ದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಅಂತ 2012ರಲ್ಲಿ ತಿದ್ದಿದ ನಿಯಮ ಹೇಳುತ್ತದೆ. ಆ ನಿಯಮ ಗೊತ್ತಿದ್ದವರೇ ಅದನ್ನು ಕೇಳಬಲ್ಲರು.

ಮಾಡುವ ಕೆಲಸ ಬೇಕಾದಷ್ಟಿದೆ. ಬೆಟ್ಟದಲ್ಲಿ ಸೋಲಿಗ ಹಿರಿಯರು ಮುಂದೆ ನಡೆದು, ಸಂಶೋಧಕರು ಹಿಂದೆ ನಡೆದು, ನಾನೂರಕ್ಕೂ ಹೆಚ್ಚು ದೇವರ ಠಾವುಗಳನ್ನು ನಕ್ಷೆಗೆ ಇಳಿಸಿದರು. ಹೆಸರು ಹೇಳಿದವರು ಅವರು, ಗುರುತು ಹಾಕಿದವರು ಇವರು. ಅದು ನೆರವು. ಪೋಡಿನ ಶಾಲೆಯ ಮೇಷ್ಟರೇ, ಕಾಯ್ದೆಯ 5ನೇ ಕಲಮನ್ನು ತಿಳಿಗನ್ನಡದಲ್ಲಿ ಸಭೆಗೆ ಓದಿ ಹೇಳಿ. ಕಾಡು, ನೀರು, ಪ್ರಾಣಿ ಕಾಪಾಡುವ ಅಧಿಕಾರವೂ ಹೊಣೆಯೂ ಗ್ರಾಮಸಭೆಯದು ಅಂತ ಅಲ್ಲಿದೆ. ಪೇಟೆಯ ಜೇನಿನ ದರ ಎಷ್ಟು ಅಂತ ಹಲಗೆಯ ಮೇಲೆ ಬರೆಯಿರಿ. ಸಮಿತಿಯ ಲೆಕ್ಕವನ್ನು ಗಟ್ಟಿಯಾಗಿ ಓದಿ. ನೆಲ್ಲಿಮರ ಈ ವರ್ಷ ಎಷ್ಟು ಬಿಟ್ಟಿತು, ಎಷ್ಟು ಕಿತ್ತೆವು ಅಂತ ಮಕ್ಕಳಿಂದಲೇ ಬರೆಸಿ. ತಪ್ಪು ಕಂಡರೆ ಸಭೆಯಲ್ಲಿ ಎದ್ದು ಹೇಳಿ. ಅವರು ಒಪ್ಪದಿದ್ದರೆ ಕೂತುಕೊಳ್ಳಿ, ಮತ್ತೆ ಮುಂದಿನ ಸಭೆಗೆ ಬನ್ನಿ. ಸಾಕು ಹೋಗಿ ಅಂದರೆ ಹೋಗಿ.

ಆ ಪೋಡಿಗೆ ನಾವು ಮತ್ತೆ ಹೋದಾಗಲೂ ಕುರ್ಚಿ ತಂದರು. ಬೇಡ ಅಂತ ನೆಲದ ಮೇಲೆ ಕೂತೆವು. ಅಜ್ಜ ಒಂದು ಗಳಿಗೆ ನಮ್ಮನ್ನೇ ನೋಡಿ, 'ನೆಲದಲ್ಲಿ ಕೂತ್ರ ಸಾಕ? ಬರದಿದ್ದ ಅರ್ಜಿಯ ಓದಿ ಹೇಳಿ' ಅಂದ. ಈ ಸಲ ಬುದ್ಧಿ ಅನ್ನಲಿಲ್ಲ. ನಾವು ಬರೆದಿದ್ದ ಅರ್ಜಿಯನ್ನು ಗಟ್ಟಿಯಾಗಿ ಓದಿದೆವು. ಮೂರು ಕಡೆ ತಪ್ಪಿತ್ತು. ಅವರು ತಿದ್ದಿಸಿದರು.