ಚೆಂಡು ಕಿತ್ತುಕೊಳ್ಳುವವರು ಬೇಕು

ನಾನಿರುವುದು ಚೆನ್ನೈನಲ್ಲಿ. ಕೆಲಸ ಶ್ರೀಪೆರಂಬುದೂರಿನ ಕಡೆ, ಕಾರಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ. ಹ್ಯುಂಡೈ 1990ರ ದಶಕದಲ್ಲಿ ಇಲ್ಲಿ ನೆಲೆಯೂರಿದ ಮೇಲೆ ಈ ಭಾಗಕ್ಕೆ ಕೊರಿಯನ್ನರು ಹೊಸಬರಲ್ಲ. ನನ್ನ ವಿಭಾಗದಲ್ಲೂ ಒಬ್ಬರಿದ್ದರು. ಅವರು ಇಲ್ಲಿ, ಹೆಂಡತಿ ಮಗ ಇಂಚನ್‌ನಲ್ಲಿ. 2020ರಲ್ಲಿ ವಿಮಾನಗಳು ನಿಂತಾಗ ಅವರು ತಿಂಗಳುಗಟ್ಟಲೆ ಊರಿಗೆ ಹೋಗಲಾಗದೆ ಉಳಿದರು. ಊರು ಬಿಟ್ಟು ಬದುಕುವವರಿಗೆ ಇನ್ನೊಬ್ಬರ ಊರಿನ ಸುದ್ದಿ ಕೇಳುವ ಅಭ್ಯಾಸ ತಾನಾಗಿಯೇ ಬರುತ್ತದೆ. ಒಂದು ದಿನ ಊಟದ ಹೊತ್ತಿನಲ್ಲಿ, "ಮಗ ಹೇಗಿದ್ದಾನೆ?" ಅಂತ ಕೇಳಿದೆ.

"ಚೆನ್ನಾಗಿದ್ದಾನೆ. ಮನೆಯಲ್ಲೇ ಪಾಠ. ಅಂಕವೂ ಕಡಿಮೆಯಾಗಿಲ್ಲ," ಎಂದರು. ಆಮೇಲೆ ಫೋನು ತೆಗೆದು ಒಂದು ವಿಡಿಯೊ ತೋರಿಸಿದರು. ಹದಿನೈದರ ಹುಡುಗ ನಡುಮನೆಯಲ್ಲಿ ದಪ್ಪ ರಜಾಯಿ ಹಾಸಿ ಅದರ ಮೇಲೆ ಬ್ಯಾಸ್ಕೆಟ್‌ಬಾಲ್ ಪುಟಿಸುತ್ತಿದ್ದ. ರಜಾಯಿ ಯಾಕೆಂದರೆ ಕೆಳಗಿನ ಮನೆಯವರಿಗೆ ಸದ್ದು ಕೇಳಬಾರದು. ಒಂದು ಮಹಡಿಯ ಸದ್ದು ಇನ್ನೊಂದಕ್ಕೆ ಕೇಳಿ ಜಗಳವಾಗುವುದು ಕೊರಿಯಾದ ಅಪಾರ್ಟ್‌ಮೆಂಟ್‌ಗಳಲ್ಲಿ ಹಳೆಯ ಕತೆ. ಎಲ್ಲರೂ ಮನೆಯಲ್ಲೇ ಉಳಿದ ಆ ವರ್ಷ ಅದು ಇನ್ನೂ ಜಾಸ್ತಿಯಾಗಿತ್ತು. ರಜಾಯಿಯ ಮೇಲೆ ಚೆಂಡು ಸರಿಯಾಗಿ ಪುಟಿಯುತ್ತಿರಲಿಲ್ಲ. ಹುಡುಗ ಕ್ಯಾಮೆರಾ ಕಡೆ ತಿರುಗಿ ಏನೋ ಹೇಳಿದ.

"ಏನಂತಾನೆ?"

"'ನನ್ನ ಕೈಯಿಂದ ಚೆಂಡು ಕಿತ್ತುಕೊಳ್ಳೋಕೆ ಯಾರೂ ಇಲ್ಲ' ಅಂತಾನೆ."

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಆಡಲು ಯಾರೂ ಇಲ್ಲ ಎಂದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ತನ್ನ ಹತ್ತಿರ ಇರುವುದನ್ನು ಕಿತ್ತುಕೊಳ್ಳುವವನೊಬ್ಬ ಬೇಕು ಎಂದು ಒಬ್ಬ ಹುಡುಗ ಹಂಬಲಿಸುವುದು ಎಂಥದು? ಬದುಕಿನಲ್ಲಿ ಬೇರೆಲ್ಲೂ ನಾವು ಹಾಗೆ ಹಂಬಲಿಸುವುದಿಲ್ಲ.

ಅಲ್ಲಿಂದ ನಾನು ಕೊರಿಯಾದ ಹದಿಹರೆಯದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಮೊದಲು ಕಣ್ಣಿಗೆ ಬಿದ್ದದ್ದು ಆ ವರ್ಷದ ಕ್ಯಾಲೆಂಡರು. ಅಲ್ಲಿ ಶಾಲೆ ಶುರುವಾಗುವುದು ಮಾರ್ಚ್‌ನಲ್ಲಿ. 2020ರಲ್ಲಿ ಅದು ಮತ್ತೆ ಮತ್ತೆ ಮುಂದಕ್ಕೆ ಹೋಗಿ ಏಪ್ರಿಲ್ 9ರಂದು ಆನ್‌ಲೈನ್‌ನಲ್ಲಿ ಆರಂಭವಾಯಿತು. ಮೇ 5 ಕೊರಿಯಾದಲ್ಲಿ ಮಕ್ಕಳ ದಿನಾಚರಣೆ. ಅವತ್ತು ವೃತ್ತಿಪರ ಬೇಸ್‌ಬಾಲ್ ಲೀಗ್ ಪ್ರೇಕ್ಷಕರಿಲ್ಲದೆ ಆರಂಭವಾಯಿತು. ಇಂಚನ್‌ನ ಕ್ರೀಡಾಂಗಣದ ಖಾಲಿ ಆಸನಗಳಲ್ಲಿ ಮಾಸ್ಕ್ ತೊಟ್ಟ ತರಕಾರಿಗಳ ಚಿತ್ರಗಳನ್ನು ಕೂರಿಸಿದ್ದರು. ಕೊರಿಯನ್ ಭಾಷೆಯಲ್ಲಿ 'ಮು' ಎಂದರೆ ಮೂಲಂಗಿ, 'ಇಲ್ಲ' ಎಂಬ ಅರ್ಥವೂ ಇದೆ. ಪ್ರೇಕ್ಷಕರಿಲ್ಲ ಎನ್ನುವುದರ ಮೇಲಿನ ತಮಾಷೆ ಅದು. ದೊಡ್ಡವರ ಆಟ ಹೀಗೆ ನಗುನಗುತ್ತಾ ತೆರೆಯಿತು. ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು ಮೇ 20ರಂದು, ಅದೂ ಮೊದಲು ಪ್ರೌಢಶಾಲೆಯ ಕೊನೆಯ ವರ್ಷದವರಿಗೆ. ಅವರೇ ಯಾಕೆ ಮೊದಲು? ಅವರಿಗೆ ಸುನುಂಗ್ ಇತ್ತು. ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಪರೀಕ್ಷೆ ಅದು. ನವೆಂಬರ್ 19ರಿಂದ ಡಿಸೆಂಬರ್ 3ಕ್ಕೆ ಹೋಯಿತೇ ಹೊರತು ರದ್ದಾಗಲಿಲ್ಲ. ಸೋಂಕು ತಗುಲಿದ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲೇ ಕೂತು ಬರೆದರು.

ಆಟದ ವಿಷಯಕ್ಕೆ ಬಂದರೆ ಬೇರೆ ಲೆಕ್ಕ. ಸೋಂಕು ಏರಿದಾಗಲೆಲ್ಲ ಸೋಲ್ ಸುತ್ತಮುತ್ತ ಒಳಾಂಗಣ ಕ್ರೀಡಾ ಕೇಂದ್ರಗಳು ಮುಚ್ಚಿದವು. ಒಮ್ಮೊಮ್ಮೆ ಹಾಗ್ವಾನ್‌ಗಳೂ, ಅಂದರೆ ಖಾಸಗಿ ಟ್ಯೂಶನ್ ಕೇಂದ್ರಗಳೂ ಮುಚ್ಚಿದವು ನಿಜ. ಆದರೆ ಪಾಠ ಪರದೆಯ ಮೇಲೆ ಮುಂದುವರಿಯಿತು. ಬ್ಯಾಸ್ಕೆಟ್‌ಬಾಲ್ ಪರದೆಯ ಮೇಲೆ ಮುಂದುವರಿಯುವುದಿಲ್ಲ. 2021ರ ಜನವರಿ ಮೊದಲಲ್ಲಿ ಟೇಕ್ವಾಂಡೊ ಶಾಲೆಗಳಿಗೆ ಸಣ್ಣ ಗುಂಪಿನ ಮಕ್ಕಳೊಂದಿಗೆ ನಡೆಸಲು ಅನುಮತಿ ಸಿಕ್ಕಿತು. ಕೊಟ್ಟ ಕಾರಣ ಆಟವಲ್ಲ, ಮಕ್ಕಳನ್ನು ನೋಡಿಕೊಳ್ಳುವ ಜಾಗ ಎನ್ನುವುದು. 2021ರ ಜುಲೈನಲ್ಲಿ ಜಿಮ್‌ಗಳ ಟ್ರೆಡ್‌ಮಿಲ್ ಗಂಟೆಗೆ 6 ಕಿಲೋಮೀಟರಿಗಿಂತ ವೇಗವಾಗಿ ಓಡಬಾರದು, ಗುಂಪು ವ್ಯಾಯಾಮದ ಹಾಡಿನ ಲಯ ನಿಮಿಷಕ್ಕೆ 120 ಬಡಿತ ಮೀರಬಾರದು ಎಂಬ ನಿಯಮವೂ ಬಂತು.

ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. 2020ರ ಕೊನೆಗೆ ಕೊರಿಯಾದಲ್ಲಿ ಕೋವಿಡ್‌ನಿಂದ ಸತ್ತವರ ಸಂಖ್ಯೆ ಸಾವಿರ ಮುಟ್ಟಿರಲಿಲ್ಲ. ದೇಶವಿಡೀ ಬೀಗ ಹಾಕದೆ ಅವರು ಅದನ್ನು ಸಾಧಿಸಿದ್ದರು. ಯಾರದೋ ಅಜ್ಜಿಯ ಉಸಿರಿಗಾಗಿ ಹುಡುಗರು ಕೆಲವು ತಿಂಗಳು ಚೆಂಡು ಬಿಟ್ಟದ್ದು ಸಣ್ಣ ಸಂಗತಿಯಲ್ಲ, ತಪ್ಪೂ ಅಲ್ಲ. ನನ್ನ ಪ್ರಶ್ನೆ ಬೇರೆ. ಎಲ್ಲವನ್ನೂ ಉಳಿಸಿಕೊಳ್ಳಲಾಗದ ಹೊತ್ತಿನಲ್ಲಿ ನಾವು ಯಾವುದನ್ನು ಅನಿವಾರ್ಯ ಎಂದೆವು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದೆವು? ಆ ಪಟ್ಟಿಯಲ್ಲಿ ನಮ್ಮ ಮೌಲ್ಯಗಳು ಕಾಣುತ್ತವೆ.

ಪಟ್ಟಿ ಮಹಾಮಾರಿಯ ದಿನಗಳಲ್ಲಿ ಬರೆದದ್ದೂ ಅಲ್ಲ. ಕೋವಿಡ್‌ಗೆ ಮೊದಲೇ, 2019ರ ನವೆಂಬರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನ ಬಂದಿತ್ತು. ಹನ್ನೊಂದರಿಂದ ಹದಿನೇಳು ವಯಸ್ಸಿನವರು ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಸಬೇಕು ಎಂಬುದು ಸಂಸ್ಥೆಯ ಸಲಹೆ. 2016ರ ಅಂಕಿಗಳ ಪ್ರಕಾರ ಜಗತ್ತಿನಲ್ಲಿ ಶೇಕಡಾ 81 ಮಕ್ಕಳು ಅಷ್ಟು ಮಾಡುತ್ತಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಶೇಕಡಾ 94.2. ಆ ಅಧ್ಯಯನದ ಎಲ್ಲ ದೇಶಗಳಲ್ಲಿ ಅದೇ ಅತಿ ಹೆಚ್ಚು. ಹುಡುಗಿಯರಲ್ಲಿ ಶೇಕಡಾ 97.2. ಮೈದಾನಕ್ಕೆ ಟೇಪು ಸುತ್ತುವ ಮೊದಲೇ ಬಹಳಷ್ಟು ಮಕ್ಕಳು ಅಲ್ಲಿರಲಿಲ್ಲ.

ಕೊರಿಯಾದ ಸರ್ಕಾರ 2005ರಿಂದ ಪ್ರತಿವರ್ಷ ಸುಮಾರು 60,000 ಶಾಲಾ ಮಕ್ಕಳನ್ನು ಅವರ ಆರೋಗ್ಯದ ಬಗ್ಗೆ ಕೇಳುತ್ತದೆ. ನಾನು ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ವಾರಕ್ಕೆ ಐದು ದಿನವಾದರೂ ಒಂದು ಗಂಟೆ ಚಟುವಟಿಕೆಯಿಂದಿದ್ದವರು 2019ರಲ್ಲಿ ಶೇಕಡಾ 14.7, 2020ರಲ್ಲಿ 14.0. ಬೀಳಲು ಅಲ್ಲಿ ಎತ್ತರವೇ ಇರಲಿಲ್ಲ. ಒತ್ತಡ ಬಹಳ ಎಂದವರು 2019ರಲ್ಲಿ ಶೇಕಡಾ 39.9 ಇದ್ದದ್ದು 2020ರಲ್ಲಿ 34.2ಕ್ಕೆ ಇಳಿದಿತ್ತು. ಎರಡು ವಾರ ಕೆಲಸಕಾರ್ಯ ಬಿಡುವಷ್ಟು ಬೇಸರ, ಹತಾಶೆ ಅನುಭವಿಸಿದವರು ಶೇಕಡಾ 28.2ರಿಂದ 25.2ಕ್ಕೆ ಇಳಿದಿದ್ದರು. ಮಹಾಮಾರಿಯ ವರ್ಷದಲ್ಲಿ ಮಕ್ಕಳ ಒತ್ತಡ ಕಡಿಮೆಯಾಗಿತ್ತು! 2021ರಲ್ಲಿ ಶಾಲೆ ಹಳಿಗೆ ಬರುತ್ತಿದ್ದಂತೆ ಒತ್ತಡ ಮತ್ತೆ 38.8ಕ್ಕೆ ಏರಿತು.

ಆಟ ನಿಂತಿತು, ಮಕ್ಕಳು ಕುಸಿದರು ಎಂಬ ಸರಳ ಕತೆ ನನ್ನ ಮನಸ್ಸಿನಲ್ಲಿತ್ತು. ಅಂಕಿಗಳು ಅದಕ್ಕೆ ಒಪ್ಪಲಿಲ್ಲ. ಕ್ರೀಡಾ ತಂಡದಲ್ಲಿ ಆಡುವವರು ಹೆಚ್ಚು ಸಂತೋಷವಾಗಿದ್ದಾರೆ ಎನ್ನುವ ಲೇಖನಗಳೂ ಸಿಕ್ಕವು. ಆದರೆ ಒಂದೇ ಸಲ ಕೇಳಿದ ಪ್ರಶ್ನೆಯಿಂದ ಆಡಿದ್ದಕ್ಕೆ ಸಂತೋಷವೋ, ಸಂತೋಷವಾಗಿದ್ದವನು ಆಡಲು ಹೋದನೋ ಹೇಳಲು ಬರುವುದಿಲ್ಲ. ಮನೆಯಲ್ಲಿ ಅನುಕೂಲವಿದ್ದವನಿಗೆ ಆಟವೂ ಸಂತೋಷವೂ ಎರಡೂ ಸಿಕ್ಕಿರಬಹುದು.

ಆಗ ನನಗೆ ಹೊಳೆದದ್ದು, ನಾನು ಕೇಳುತ್ತಿದ್ದ ಪ್ರಶ್ನೆಯೇ ಸಣ್ಣದು. ಆಟದಿಂದ ಏನು ಲಾಭ ಎಂದು ಕೇಳಿದ ಕೂಡಲೇ ನಾವು ಆಟವನ್ನು ಕಟಕಟೆಯಲ್ಲಿ ನಿಲ್ಲಿಸುತ್ತೇವೆ. ಕೊರಿಯಾದಲ್ಲಿ ಅದು ಬಹಳ ದಿನದಿಂದ ಅಲ್ಲೇ ನಿಂತಿದೆ. 1970ರ ದಶಕದಿಂದ 1990ರ ದಶಕದ ಮೊದಲವರೆಗೆ ಅಲ್ಲಿ ದೇಹದಾರ್ಢ್ಯ ಪರೀಕ್ಷೆಯ ಅಂಕ ಕಾಲೇಜು ಪ್ರವೇಶಕ್ಕೆ ಸೇರುತ್ತಿತ್ತು. ಆಗ ಓಡಿದ್ದು ಅಂಕಕ್ಕಾಗಿ. 2012ರಲ್ಲಿ ಮಾಧ್ಯಮಿಕ ಶಾಲೆಗಳಲ್ಲಿ ಕ್ರೀಡಾ ಕ್ಲಬ್ಬುಗಳನ್ನು ತಂದಾಗ ಉದ್ದೇಶ ಶಾಲೆಗಳ ಹಿಂಸೆ ತಡೆಯುವುದು. ಆಗ ಆಡಿದ್ದು ಔಷಧಿಯಂತೆ. ಔಷಧಿಯಾದರೆ ರೋಗವಿಲ್ಲದಾಗ ಬೇಡ. ಅಂಕವಾದರೆ ಹೆಚ್ಚು ಅಂಕ ಬೇರೆಡೆ ಸಿಕ್ಕಾಗ ಬೇಡ. ಲಾಭದ ನ್ಯಾಯಾಲಯದಲ್ಲಿ ಆಟ ಒಂದಲ್ಲ ಒಂದು ದಿನ ಸೋತೇ ಸೋಲುತ್ತದೆ.

ಮತ್ತೆ ಆ ಹುಡುಗನ ಮಾತಿಗೆ ಬರುತ್ತೇನೆ. 2021ರ ಮಾರ್ಚ್‌ನಲ್ಲಿ ಅವನು ಪ್ರೌಢಶಾಲೆ ಸೇರಿದ. ಆಗ ಅಲ್ಲಿನ ಪ್ರೌಢಶಾಲೆಯಲ್ಲಿ ಅಂಕಕ್ಕಿಂತ ಸ್ಥಾನ ಮುಖ್ಯ. ಒಂದು ವಿಷಯ ಓದುವವರನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸುತ್ತಿದ್ದರು; ಮೊದಲ ದರ್ಜೆ ಮೇಲಿನ ಶೇಕಡಾ 4 ಮಂದಿಗೆ ಮಾತ್ರ. ನೂರು ಮಕ್ಕಳಿದ್ದರೆ ನಾಲ್ವರು. ಅಂದರೆ ಪಕ್ಕದ ಬೆಂಚಿನವನಿಗೆ ಜ್ವರ ಬಂದರೆ ನನಗೆ ಅನುಕೂಲ. ಅವನು ಇಲ್ಲದಿದ್ದರೆ ನನಗೆ ಇನ್ನೂ ಒಳ್ಳೆಯದು.

ಬ್ಯಾಸ್ಕೆಟ್‌ಬಾಲ್‌ನಲ್ಲೂ ಸ್ಪರ್ಧೆಯಿದೆ, ಸೋಲು ಗೆಲುವು ಇದೆ. ಆದರೆ ಎದುರಾಳಿಗೆ ಜ್ವರ ಬಂದರೆ ಆಟವೇ ಇಲ್ಲ. ಅವನು ಬರಬೇಕು, ಪೂರಾ ಶಕ್ತಿ ಹಾಕಿ ನನ್ನನ್ನು ತಡೆಯಬೇಕು. ಅವನು ಸುಮ್ಮನೆ ಬಿಟ್ಟುಕೊಟ್ಟರೆ ನನಗೆ ಅವಮಾನ. ಆಟವೆಂದರೆ ಬೇಕಿಲ್ಲದ ಅಡಚಣೆಗಳನ್ನು ತಾವಾಗಿಯೇ ಒಪ್ಪಿಕೊಂಡು ದಾಟುವುದು ಎಂದು ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರಲ್ಲಿ ವಾದಿಸಿದ. ನಾನು ಸೇರಿಸುವುದು ಇಷ್ಟೇ: ಆ ಅಡಚಣೆಗಳಲ್ಲಿ ಅತ್ಯಂತ ಅಮೂಲ್ಯವಾದದ್ದು ಇನ್ನೊಬ್ಬ ಮನುಷ್ಯ. ನನ್ನನ್ನು ಸೋಲಿಸಬಲ್ಲವನು ನನಗೆ ಶತ್ರುವಲ್ಲ, ಅವನಿಲ್ಲದೆ ನಾನು ಆಟಗಾರನೇ ಅಲ್ಲ ಎಂಬ ತಿಳಿವಳಿಕೆ ಉಪದೇಶದಿಂದ ಬರುವುದಿಲ್ಲ. ಮೈಯಿಂದ ಬರಬೇಕು. ಹದಿನೈದರಲ್ಲಿ ಬಂದರೆ ಬಂತು.

ಮಹಾಮಾರಿ ಮಾಡಿದ್ದು ಇದನ್ನೇ. ಒಂದು ಬಗೆಯ ಸ್ಪರ್ಧೆಯನ್ನು ಉಳಿಸಿತು, ಇನ್ನೊಂದನ್ನು ತೆಗೆಯಿತು. ಸಹಪಾಠಿಗಳು ಕಣ್ಣಿಗೆ ಕಾಣದಿದ್ದರೂ ಅವರ ಮೇಲೆ ಸ್ಥಾನ ಗಳಿಸುವುದು ಮುಂದುವರಿಯಿತು. ಅವರ ಭುಜ ತಾಗುವುದು, ಬೆವರು ವಾಸನೆ, ಬಿದ್ದಾಗ ಚಾಚುವ ಕೈ ಇಲ್ಲವಾಯಿತು. ಒತ್ತಡದ ಅಂಕಿ ಇಳಿದದ್ದು ಸುಳ್ಳಲ್ಲ. ಹೊರೆ ಇಳಿದರೆ ಯಾರಿಗಾದರೂ ಹಗುರವಾಗುತ್ತದೆ. ಆದರೆ ಹಗುರವಾಗಿರುವುದೇ ಚೆನ್ನಾಗಿರುವುದಲ್ಲ. ಜ್ವರ ಬಿಟ್ಟ ಮಗು ಎದ್ದು ಆಡತೊಡಗಿದರೆ ನಮ್ಮ ಅಮ್ಮ 'ಮಗು ಗೆಲುವಾಗಿದೆ' ಅನ್ನುತ್ತಿದ್ದರು. ಯಾರನ್ನೂ ಸೋಲಿಸದೆ ಬರುವ ಗೆಲುವು ಅದು. ಆರೋಗ್ಯದ ಪ್ರಶ್ನಾವಳಿಗಳು ಹುಡುಕುವ ಕ್ಷೇಮಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಪದ ಗೊತ್ತಿಲ್ಲ.

ಎಲ್ಲ ಕ್ರೀಡೆಯೂ ಇದನ್ನು ಕೊಡುತ್ತದೆಂದು ಹೇಳಲಾರೆ. ಅದೇ 2020ರ ಜೂನ್‌ನಲ್ಲಿ ಕೊರಿಯಾದ ಟ್ರಯಥ್ಲಾನ್ ಕ್ರೀಡಾಪಟು ಚೋಯ್ ಸುಕ್‌ ಹ್ಯೊನ್ ತನ್ನ ತಂಡದವರಿಂದಲೇ ವರ್ಷಗಟ್ಟಲೆ ಹೊಡೆತ, ಹಿಂಸೆ ಅನುಭವಿಸಿ ಪ್ರಾಣ ಕಳೆದುಕೊಂಡಳು. ವಯಸ್ಸು 22. ಆಮೇಲೆ ತರಬೇತುದಾರನಿಗೆ ಜೈಲಾಯಿತು, ಕಾನೂನು ತಿದ್ದುಪಡಿಯಾಯಿತು. ಪದಕವೇ ಎಲ್ಲವಾದಾಗ ಕ್ರೀಡೆ ಕೂಡ ಪರೀಕ್ಷೆಯಾಗುತ್ತದೆ, ಮನುಷ್ಯ ಮತ್ತೆ ಅಡ್ಡಿಯಾಗುತ್ತಾನೆ. ಹಾಗಾಗಿ ನಾನು ಕಾಪಾಡಬೇಕೆನ್ನುವುದು ಕ್ರೀಡಾ ವ್ಯವಸ್ಥೆಯನ್ನಲ್ಲ. ಸಂಜೆ ಐದು ಗಂಟೆಗೆ ಚೆಂಡು ಹಿಡಿದು ಕೆಳಗಿಳಿಯುವ ಹುಡುಗ ಹುಡುಗಿಯರ ಅಷ್ಟು ಹೊತ್ತನ್ನು.

ಇದನ್ನೆಲ್ಲ ದೂರದ ಕೊರಿಯಾದ ಬಗ್ಗೆ ಬರೆಯುವುದು ಸುಲಭ. ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಸಮಿತಿಯಲ್ಲಿ ನಾನೂ ಇದ್ದೆ. ಟ್ಯೂಶನ್ ಮೇಷ್ಟ್ರುಗಳನ್ನು ಒಳಗೆ ಬಿಡಲು ಶುರುಮಾಡಿದ ಮೇಲೂ ಬ್ಯಾಡ್ಮಿಂಟನ್ ಅಂಕಣದ ಬೀಗ ಎರಡು ತಿಂಗಳು ಹಾಗೇ ಇತ್ತು. ಬೀಗ ತೆಗೆಯುವುದು ಬೇಡ ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮಗಳು, "ಅಪ್ಪಾ, ಲೆಕ್ಕದ ಸರ್ ಬಂದ್ರೆ ಕೊರೊನಾ ಬರಲ್ವಾ?" ಅಂತ ಕೇಳಿದ್ದಳು. ನಾನು ಗದರಿಸಿದ್ದೆ.

ಅವಳೀಗ ಹತ್ತನೇ ತರಗತಿ. ಹೋದ ತಿಂಗಳು ಸಮಿತಿಯಲ್ಲಿ ಹೊಸ ಪ್ರಸ್ತಾಪ ಬಂತು: ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಅಂಕಣ ಮುಚ್ಚೋಣ, ಮಕ್ಕಳ ಗಮನ ಹೋಗುತ್ತದೆ. ನಾನು ಬೇಡ ಎಂದೆ. "ತೆರೆದಿಟ್ರೆ ಏನು ಪ್ರಯೋಜನ ಸಾರ್?" ಎಂದು ಒಬ್ಬರು ಕೇಳಿದರು. ಮೇಲೆ ಬರೆದ ಅಂಕಿಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಆಟದಿಂದ ಓದು ಸುಧಾರಿಸುತ್ತದೆ ಎಂದಿದ್ದರೆ ಅಲ್ಲೇ ಒಪ್ಪುತ್ತಿದ್ದರೋ ಏನೋ. ಹಾಗೆ ಹೇಳಲು ಮನಸ್ಸಾಗಲಿಲ್ಲ.

"ಪ್ರಯೋಜನ ಏನಿಲ್ಲ. ಮಕ್ಕಳು ಆಡ್ತಾರೆ, ಅಷ್ಟೇ," ಎಂದೆ. ತೀರ್ಮಾನ ಮುಂದಿನ ಸಭೆಗೆ ಹೋಗಿದೆ. ಅಲ್ಲಿಯವರೆಗೆ ಬೀಗ ಹಾಕಿಲ್ಲ.